ಹೊಕ್ಕುಳ ಕಟ್ಟಳೆ

“ಗುರುಗಳೇ, ಕಟ್ಟಳೆಯಲ್ಲಿ ಯಾರ ಜಾತಿಯನ್ನೂ ಯಾರ ಬೀದಿಯನ್ನೂ ಹೇಳದಿದ್ದರೆ ಅದು ಎಲ್ಲರಿಗೂ ಒಂದೇ ಆಯಿತಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಸಂತೆಯಲ್ಲಿ ಕಳವಾಯಿತು. ಕಳ್ಳನ ಮುಖ ಯಾರಿಗೂ ಕಾಣಲಿಲ್ಲ. ಓಡುವಾಗ ಅವನ ಪಂಚೆ ಸೊಂಟದಿಂದ ಜಾರಿತ್ತು ಎಂದಷ್ಟೇ ಒಬ್ಬರು ಹೇಳಿದರು. ಊರ ಹಿರಿಯರು ಕೂತು ಯೋಚಿಸಿದರು. ಪಂಚೆ ಇಳಿಬಿಟ್ಟು ತಿರುಗುವವನಿಗೆ ಮಾನವಿಲ್ಲ, ಮಾನವಿಲ್ಲದವನು ಕದಿಯದೆ ಇರುತ್ತಾನೆಯೇ ಎಂದರು. ಪಂಚೆಯ ಗಂಟು ಹೊಕ್ಕುಳಿಗಿಂತ ಕೆಳಗಿರಬಾರದು. ಇದ್ದರೆ ಸಂಜೆಯವರೆಗೆ ಚಾವಡಿಯ ಮುಂದೆ ನಿಲ್ಲಬೇಕು. ಮೂರನೆಯ ಸಲ ಸಿಕ್ಕವನು ಇನ್ನೆಂದೂ ಸಂತೆಗೆ ಕಾಲಿಡಬಾರದು ಎಂದು ಕಟ್ಟಳೆ ಮಾಡಿದರು. ಸಂತೆಯ ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಯಾರಿಂದಲೂ ಒಂದು ವೀಳ್ಯದೆಲೆಯನ್ನು ಕೂಡ ಮುಟ್ಟಿದವನಲ್ಲ.

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಗುಂಡಿಮಗ್ಗದಲ್ಲಿ ನೆಲದ ಗುಂಡಿಗೆ ಕಾಲಿಳಿಸಿ ಕೂತವನ ಹೊಟ್ಟೆಗೆ ತಾಗಿಕೊಂಡೇ ನೆಯ್ದ ಬಟ್ಟೆ ಮರದ ದಿಂಡಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಪಂಚೆಯ ಗಂಟಿದ್ದರೆ ಹೊಸ ಸೀರೆಗೆ ಉಜ್ಜಿ ನೂಲು ಏಳುತ್ತದೆ. ಅದಕ್ಕೇ ಅವನ ಅಪ್ಪನೂ ಅಜ್ಜನೂ ಗಂಟನ್ನು ಕೆಳಗೆ ಕಟ್ಟಿದ್ದರು. ಅವನೂ ಹಾಗೇ ಕಟ್ಟುತ್ತಿದ್ದ. ಎರಡು ಸಲ ಚಾವಡಿಯ ಮುಂದೆ ನಿಂತು ಬಂದಿದ್ದ.

ಮುಂದಿನ ಸಂತೆಗೆ ಹೊರಡುವಾಗ ಪಂಚೆಯನ್ನು ಎದೆಯ ಹತ್ತಿರಕ್ಕೆ ಎಳೆದು ಬಿಗಿದ. ಹೆಂಡತಿ ನೋಡಿ, “ಇದೇನು, ಉಸಿರು ಬಿಡುವ ಯೋಚನೆ ಇದೆಯೋ ಇಲ್ಲವೋ?” ಎಂದಳು.

“ಸಂತೆ ಮುಗಿದ ಮೇಲೆ ಬಿಡುತ್ತೇನೆ” ಎಂದು ಸೀರೆಗಳ ಹೊರೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದ. ನೇಕಾರರ ಬೀದಿ ಊರಿನ ಒಂದು ತುದಿ, ಸಂತೆ ಇನ್ನೊಂದು ತುದಿ; ದಾರಿ ದೂರ. ನಡೆನಡೆಯುತ್ತ ಪಂಚೆ ತನಗೆ ರೂಢಿಯಾದ ಜಾಗಕ್ಕೆ ಇಳಿಯಿತು. ಅವನ ಎರಡು ಕೈಗಳೂ ಹೊರೆಯ ಮೇಲಿದ್ದವು.

ಕಾವಲುಗಾರ ದೂರದಿಂದಲೇ ಗುರುತು ಹಿಡಿದ. ನೇಕಾರರ ಬೀದಿಯವನು. ಬಾಗಿಲಲ್ಲಿ ತಡೆದು ಸೊಂಟ ನೋಡಿದ.

“ಮೂರಾಯಿತಲ್ಲಪ್ಪ” ಎಂದ.

“ಹೊರೆ ಇಳಿಸಿ ಕಟ್ಟಿಕೊಳ್ಳುತ್ತೇನೆ ಅಣ್ಣ. ಸಂತೆ ತಪ್ಪಿದರೆ ನನಗೆ ಬೇರೆ ದಾರಿಯಿಲ್ಲ.”

ಅಷ್ಟರಲ್ಲಿ ಬಟ್ಟೆ ವ್ಯಾಪಾರದ ಸಾಹುಕಾರ ಬಂದ. ದೊಡ್ಡ ಹೊಟ್ಟೆ, ಪಂಚೆ ಅದರ ಅಡಿಯಲ್ಲೆಲ್ಲೋ ನಿಂತಿತ್ತು. ಕಾವಲುಗಾರ ಪಕ್ಕಕ್ಕೆ ಸರಿದು ಕೈ ಮುಗಿದ. ಸಾಹುಕಾರ ಒಳಗೆ ಹೋದ.

“ಧಣಿಗಳ ಗಂಟನ್ನೂ ಒಂದು ಸಲ ನೋಡಬಹುದಿತ್ತಲ್ಲ ಅಣ್ಣ” ಎಂದ ನೇಕಾರ.

ಕಾವಲುಗಾರನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಅವರದು ಹೊಟ್ಟೆ ಕಣಯ್ಯ” ಎಂದ. “ನಿನ್ನದು ನಡತೆ.”

ನೇಕಾರ ಹೊರೆ ಹೊತ್ತುಕೊಂಡೇ ಮನೆಗೆ ಮರಳಿದ. ಅಲ್ಲಿಂದ ಮುಂದೆ ಅವನ ಸೀರೆಗಳು ಸಾಹುಕಾರನ ಗಾಡಿಯಲ್ಲಿ ಸಂತೆಗೆ ಹೋದವು. ಅವನು ಹೋಗಲಿಲ್ಲ.

ವರ್ಷದ ಕೊನೆಗೆ ಹಿರಿಯರು ಕಾವಲುಗಾರನನ್ನು ಕರೆದು, ಸಿಕ್ಕವರು ಯಾವ ಬೀದಿಯವರು ಎಂದು ಕೇಳಿದರು. ಹೆಚ್ಚಿನವರು ನೇಕಾರರ ಬೀದಿಯವರು ಎಂದು ಅವನು ಹೇಳಿದ. ಹೇಳಿದ್ದು ಸುಳ್ಳಲ್ಲ. “ಆ ಬೀದಿಯ ಬಗ್ಗೆ ನಾವು ಅಂದುಕೊಂಡದ್ದೇ ಸರಿ” ಎಂದು ಹಿರಿಯರು ಎದ್ದರು.

“ಆದರೂ ಆ ನೇಕಾರ ಕಟ್ಟಳೆ ಮೀರಿದ್ದು ನಿಜ ತಾನೇ?” ಎಂದ ಶಿಷ್ಯ.

“ನಿಜ” ಎಂದರು ಗುರುಗಳು. “ಮೀರಿದವರನ್ನೆಲ್ಲ ಹಿಡಿದಿದ್ದರೆ ಆ ಊರಿನಲ್ಲಿ ಸಂತೆಯೇ ಕೂಡುತ್ತಿರಲಿಲ್ಲ.”