ಕಟ್ಟಿದ್ದೆಲ್ಲ ಅಳಿಸಿದ ಅನಸಕ್ಕ

ಬಹಳ ಹಿಂದಿನ ಮಾತು. ಯಾವ ಇಸವಿ ಎಂದು ಕೇಳಬೇಡಿ, ಕೇಳಿದರೆ ಕಥೆ ನಿಲ್ಲಿಸಿಬಿಡುತ್ತೇನೆ. ಒಂದು ಊರಿನಲ್ಲಿ ಅನಸಕ್ಕ ಅಂತ ಒಬ್ಬಳಿದ್ದಳಂತೆ. ಯುನಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆಂದು ಬರೆದ ಪ್ರೋಗ್ರಾಮನ್ನು ವಿಂಡೋಸಿನಲ್ಲಿ ಓಡಿಸುವುದರಲ್ಲಿ ಅವಳದು ಎತ್ತಿದ ಕೈಯಂತೆ. ಪರದೆಯ ಮೇಲೆ ಸಾವಿರ ತಪ್ಪು ಸುರಿದರೂ ಮೊದಲನೆಯದೊಂದನ್ನೇ ಓದುತ್ತಿದ್ದಳಂತೆ. ಉಳಿದವೆಲ್ಲ ಅದರ ಮರಿಗಳು ಅನ್ನುತ್ತಿದ್ದಳಂತೆ. ಅವಳು ಕೆಮ್ಮಿದರೆ ಸಾಕು, ಬರೆದದ್ದನ್ನು ಯಂತ್ರದ ಭಾಷೆಗೆ ಕಟ್ಟಿಕೊಡುವ ಕಂಪೈಲರು ದಾರಿಗೆ ಬರುತ್ತಿತ್ತು ಅಂತಲೂ ಹೇಳುತ್ತಾರೆ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಅದೇ ಊರಿನ ಅಂಧ ಹುಡುಗಿಯರ ಶಾಲೆಯಲ್ಲಿ ಗುರುಬಾಯಿ ಟೀಚರ್ ಇದ್ದರು. ಪರೀಕ್ಷೆಯಲ್ಲಿ ಅವರ ಹುಡುಗಿಯರು ಉತ್ತರ ಹೇಳಬೇಕು, ಬೇರೆ ಯಾರೋ ಕೂತು ಬರೆಯಬೇಕು. ಬರೆಯುವವರು ತಪ್ಪಿದರೆ ಹುಡುಗಿ ಫೇಲು. ಆ ವರ್ಷ ಹಾಗಾಗಬಾರದು, ಮಕ್ಕಳು ತಾವೇ ಟೈಪು ಮಾಡಬೇಕು ಅಂತ ಟೀಚರ್ ಹಟ ತೊಟ್ಟಿದ್ದರು. ಟೈಪು ಮಾಡಿದ ಕನ್ನಡವನ್ನು ಓದಿ ಹೇಳುವ ಪ್ರೋಗ್ರಾಮೂ ಸಿಕ್ಕಿತ್ತು. ಆದರೆ ಅದು ಯುನಿಕ್ಸಿನದು, ಶಾಲೆಯದು ವಿಂಡೋಸು. ಪರೀಕ್ಷೆಗೆ ಮೂರೇ ದಿನ. ಪ್ರೋಗ್ರಾಮು ಒಂದು ವಾಕ್ಯ ಓದುವುದು, ಸಾಯುವುದು. ಟೀಚರಿಗೆ ಅನ್ನ ಸೇರುತ್ತಿರಲಿಲ್ಲವಂತೆ.

ಅನಸಕ್ಕ ಬಂದಳು, ನೋಡಿದಳು, ನಕ್ಕಳು. ಸಹಾಯಕ್ಕೆ ಬಂದವರೆಲ್ಲ ತಮ್ಮ ತಮ್ಮ ಕಂಪೈಲರಿನಲ್ಲಿ ಒಂದೊಂದು ಭಾಗ ಕಟ್ಟಿ ಜೋಡಿಸಿ ಹೋಗಿದ್ದರಂತೆ. ಒಂದು ಭಾಗ ತನ್ನ ಕಂಪೈಲರಿನ ಲೆಕ್ಕದಲ್ಲಿ ಎರವಲು ಪಡೆದ ಮೆಮೊರಿಯನ್ನು ಇನ್ನೊಂದು ಭಾಗ ಬೇರೆ ಲೆಕ್ಕಕ್ಕೆ ಹಿಂದಿರುಗಿಸಲು ಹೋಗಿ ಎಲ್ಲ ಕೆಡುತ್ತಿತ್ತು. ಪಕ್ಕದ ಮನೆಯ ಪಾತ್ರೆಯನ್ನು ಎದುರುಮನೆಗೆ ಕೊಟ್ಟರೆ ಜಗಳ ಆಗದೆ ಇರುತ್ತದೆಯೇ?

ಅವರು ಕಟ್ಟಿದ್ದನ್ನೆಲ್ಲ ಅವಳು ಅಳಿಸಿಹಾಕಿದಳಂತೆ.

"ಅಯ್ಯ, ಇದ್ದದ್ದೂ ಹೋತಲ್ಲವ್ವಾ!" ಟೀಚರ್ ಎದೆ ಹಿಡಿದುಕೊಂಡರು.

"ಮೂಲ ಬರಹ ಹಂಗ ಐತ್ರಿ. ಇವರು ಕಟ್ಟಿದ್ದಷ್ಟ ಹೋತು. ಕೂಡ್ರಿ ನೀವು," ಅಂದಳಂತೆ ಅನಸಕ್ಕ.

ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒಂದೇ ಕಂಪೈಲರಿನಲ್ಲಿ ಕಟ್ಟಿದಳಂತೆ. ಎರಡು ದಿನ ಹಿಡಿಯಿತಂತೆ. ಏಳು ದಿನ ಅನ್ನುವವರೂ ಇದ್ದಾರೆ, ಪರೀಕ್ಷೆ ಯಾವಾಗ ಇತ್ತು ಅಂತ ಅವರನ್ನೇ ಕೇಳಿ. ಆಮೇಲೆ ಯಂತ್ರ ಒಂದು ವಾಕ್ಯ ಓದಿತು. ಟೀಚರ್ ಉಸಿರು ಬಿಗಿಹಿಡಿದರು. ಎರಡನೆಯದು ಓದಿತು. ಪುಟ ಮುಗಿಸಿತು, ಪಾಠ ಮುಗಿಸಿತು. ಟೀಚರ್ ಅತ್ತೇಬಿಟ್ಟರಂತೆ, ಅಷ್ಟು ಹಗುರವಾಗಿತ್ತು ಜೀವ. ತಡೆದಿಟ್ಟ ಹಸಿವು ಒಮ್ಮೆಗೇ ಬಂದು ನಾಲ್ಕು ರೊಟ್ಟಿ ತಿಂದರಂತೆ. ಆ ವರ್ಷ ಹುಡುಗಿಯರು ತಾವೇ ಟೈಪು ಮಾಡಿ ಪರೀಕ್ಷೆ ಬರೆದರಂತೆ.

ಅನಸಕ್ಕ ಈಗಿಲ್ಲ. ಆ ಊರಿನಲ್ಲಿ ಪ್ರೋಗ್ರಾಮು ಕಟ್ಟುವವರು ಇವತ್ತಿಗೂ ಹಳೆಯದನ್ನು ಪೂರಾ ಅಳಿಸಿ, ಯಾವ ಕಂಪೈಲರು ಅಂತ ಎಲ್ಲರಿಗೂ ಕೇಳುವಂತೆ ಹೇಳಿಯೇ ಶುರುಮಾಡುತ್ತಾರೆ. ಶಾಲೆಯಲ್ಲಿ ಮಾತ್ರ ರೂಢಿ ಬೇರೆ. ಪರೀಕ್ಷೆಯ ಬೆಳಿಗ್ಗೆ, ಬರೆದುಕೊಡುವವರಿಗೆಂದು ಹಾಕಿದ ಕುರ್ಚಿಗಳನ್ನು ಹುಡುಗಿಯರೇ ತಡವಿ ಹುಡುಕಿ, ಅನಸಕ್ಕನ ಹೆಸರು ಹೇಳಿ, ಹೊರಗಿಟ್ಟು ಬರುತ್ತಾರೆ.