ಸಪ್ಪೆ ಬುರುಜಿನ ಉಪ್ಪು

ಮತ್ತೆ ಕರೆದರು. ಇದನ್ನು ಬರೆಯಲು ಕೂತಾಗಲೆಲ್ಲ ಕೋಟೆ ನೋಡಲು ಬಂದವರು ಯಾರಾದರೊಬ್ಬರು ನಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಸಪ್ಪೆ ಬುರುಜು ಯಾವ ಕಡೆ?" ಎಂದು ಕೂಗುತ್ತಾರೆ. ಮಗಳಿಗೆ ತುತ್ತು ಇಡಲೂ ಬಿಡುವುದಿಲ್ಲ, ಒಂದು ಸಾಲು ಮುಗಿಸಲೂ ಬಿಡುವುದಿಲ್ಲ. ಕರಿಮಟ್ಟಿ ದುರ್ಗ ಈಗ ಜೀರ್ಣೋದ್ಧಾರವಾಗಿ, ಹೊಸ ಹಲ್ಲು ಕಟ್ಟಿಸಿಕೊಂಡ ಮುದುಕನಂತೆ ನಗುತ್ತಿದೆ. ಬಿದ್ದಿದ್ದ ಕಲ್ಲುಗಳನ್ನೇ ಎತ್ತಿ ಕಟ್ಟಿದ್ದಾರೆ, ಹುಲ್ಲು ಬೆಳೆಸಿದ್ದಾರೆ, ಟಿಕೆಟ್ ಕಿಟಕಿ ಇಟ್ಟಿದ್ದಾರೆ. ಹೆಬ್ಬಾಗಿಲ ಪಕ್ಕದ ದುಂಡು ಬುರುಜು ಮಾತ್ರ ಅವರ ಮಾತು ಕೇಳಿಲ್ಲ. ಎಷ್ಟು ಸಲ ಗಾರೆ ಬಳಿದರೂ ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿಯ ಪುಡಿ ಉಕ್ಕಿ, ಗಾರೆ ಹೊಪ್ಪಳಿಕೆಯೆದ್ದು ಉದುರುತ್ತದೆ. ಬೆರಳಲ್ಲಿ ಸವರಿ ನೆಕ್ಕಿದರೆ ಅಪ್ಪಟ ಉಪ್ಪು. ಉಪ್ಪು ಉಕ್ಕುವ ಗೋಡೆಗೆ ಸಪ್ಪೆ ಎಂಬ ಹೆಸರು ಬಂದದ್ದು ಒಬ್ಬ ಹೆಂಗಸಿನ ಹಟದಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಬೆಟ್ಟದ ಬುಡವೆಲ್ಲ ಚೌಳು ನೆಲವಾಗಿತ್ತು. ಉಪ್ಪಾರರು ಆ ಮಣ್ಣನ್ನು ಬಾವಿಯ ನೀರಲ್ಲಿ ಕದಡಿ, ತಿಳಿಯನ್ನು ಬಿಸಿಲಿಗೆ ಹರಡಿ ಉಪ್ಪು ತೆಗೆದು ಬದುಕುತ್ತಿದ್ದರು. ಬೊಮ್ಮಲಿಂಗ ನಾಯಕನೆಂಬ ಪಾಳೆಯಗಾರ ಮೇಲೆ ಕೋಟೆ ಕಟ್ಟಲು ಹೊರಟವನು ಮೊದಲು ಆ ಬಾವಿಯನ್ನೇ ಕಿತ್ತುಕೊಂಡ. ಉಪ್ಪಾರರ ಮುದ್ದಯ್ಯ ಎದುರು ಹೋಗಿ, "ಬಾವಿ ಬಿಡಿ ಒಡೆಯಾ, ನಮಗೆ ಉಪ್ಪೇ ಅನ್ನ" ಎಂದ. "ಉಪ್ಪು ತಾನೇ ಬೇಕು? ಹೊಟ್ಟೆ ತುಂಬ ತಿನ್ನು" ಎಂದು ನಾಯಕ ಅವನ ಕೈಕಾಲು ಕಟ್ಟಿಸಿ, ಬಾಯಿಗೆ ಉಪ್ಪು ತುರುಕಿಸಿ, ಸುಡುಬಿಸಿಲಲ್ಲಿ ಉಪ್ಪಿನ ಹಾಸಿನ ಮೇಲೆ ಕೆಡವಿಸಿದ. ನೀರು ಕೊಡಲು ಹೋದವರನ್ನು ಹೊಡೆದು ಅಟ್ಟಿದರು. ಹೊತ್ತು ಮುಳುಗುವ ಮೊದಲೇ ಮುದ್ದಯ್ಯನ ಜೀವ ಹೋಯಿತು. ಅವನ ಹೆಂಡತಿ ಕೆಂಚವ್ವ ಹಾಲು ಕುಡಿಯುವ ಮಗಳನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಮಾರನೆಯ ದಿನವೇ ಕೋಟೆಯ ಕೆಲಸಕ್ಕೆ ಬಂದಳು. ಊರವರು ಉಗಿದರು. ಅವಳು ಒರೆಸಿಕೊಂಡಳು.

ನಾಯಕ ಜಾಣ. ದಿನವೂ ಬೆಳಿಗ್ಗೆ ಆಳುಗಳ ಅಂಬಲಿಗೆ ಅರಮನೆಯ ಉಪ್ಪನ್ನು ಹಾಕಿಸಿ, "ಒಡೆಯರ ಉಪ್ಪು ಉಂಡೆವು" ಎಂದು ಎಲ್ಲರಿಂದಲೂ ಹೇಳಿಸುತ್ತಿದ್ದ. ಉಪ್ಪಿನ ಋಣ ಬಿದ್ದ ಮೇಲೆ ಯಾರೂ ಅವನ ಮೇಲೆ ಕೈ ಎತ್ತುವಂತಿರಲಿಲ್ಲ. ಕೆಂಚವ್ವ ಒಬ್ಬಳು ಮಾತ್ರ ಉಪ್ಪು ಬೀಳುವ ಮೊದಲೇ ಬಟ್ಟಲನ್ನು ಎಳೆದುಕೊಳ್ಳುತ್ತಿದ್ದಳು. "ಏನವ್ವ, ನಾಲಿಗೆ ಸತ್ತಿದೆಯಾ?" ಎಂದು ಮೇಸ್ತ್ರಿ ಕೇಳಿದ. "ನಾಲಿಗೆ ಗಟ್ಟಿಯಾಗೇ ಇದೆ ಅಣ್ಣಾ. ಸತ್ತಿರೋದು ಗಂಡ. ಹರಕೆ" ಎಂದಳು. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ಸಪ್ಪವ್ವ. "ಸಪ್ಪವ್ವ ಬಂದಳು, ಗಾರೆನಾದರೂ ಖಾರವಾಗಿ ಕಲಸೇ!" ಎಂದು ಗಂಡಸರು ನಗುತ್ತಿದ್ದರು. ಹೆಬ್ಬಾಗಿಲ ಬುರುಜು ಏಳುವಾಗ ಅವಳ ಜೋಳಿಗೆ ಬರಬರುತ್ತ ಭಾರವಾಯಿತು. ಮಗುವಿನ ಅಡಿಯಲ್ಲಿ, ಉಪ್ಪಾರರು ಹಿಂದೆ ಬೆಟ್ಟದ ಬುಡದಲ್ಲಿ ತೆಗೆದಿದ್ದ ಉಪ್ಪಿತ್ತು. ಕಾವಲಿನವನು ಒಮ್ಮೆ ತಡೆದಾಗ, "ಕೂಸು ಒದ್ದೆ ಮಾಡಿಕೊಂಡಿದೆ ಅಣ್ಣಾ, ಬಿಚ್ಚಿ ತೋರಿಸಲಾ?" ಎಂದಳು. ಅವನು ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಆ ಬುರುಜಿನ ಒಂದೊಂದು ಬುಟ್ಟಿ ಗಾರೆಯೂ ಹೀಗೆ ಉಪ್ಪು ಕುಡಿದು ಮೇಲೇರಿತು.

ಕೆಲವು ಮಳೆಗಾಲ ಕಳೆದವು. ಗಾರೆ ಒಳಗೊಳಗೇ ಹಿಟ್ಟಾಯಿತು. ನಾಯಕ ಮೇಲೆ ಸುಣ್ಣ ಬಳಿಸಿ ಮುಚ್ಚಿದ. ಒಂದು ಮಹಾನವಮಿಯ ದಿನ ಅವನು ಬುರುಜಿನ ಮೇಲೆ ನಿಂತು ಫಿರಂಗಿ ಹಾರಿಸಿದ. ಫಿರಂಗಿ ಹಿಂದಕ್ಕೆ ಒದ್ದ ಏಟಿಗೆ ಬುರುಜು ಕುಸಿದು, ಕಲ್ಲಿನಡಿ ಸಿಕ್ಕಿದ ನಾಯಕ ನೀರು ನೀರು ಎಂದು ಕೂಗಿದ. ಕೆಂಚವ್ವ ಹತ್ತಿರ ಹೋದಳು. ನೀರು ಕೊಡಲಿಲ್ಲ. ಅವನ ಕಣ್ಣೆದುರಿಗೇ ಬಿದ್ದ ಗಾರೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗಿಟ್ಟುಕೊಂಡಳು. ಗಂಡ ಸತ್ತ ಮೇಲೆ ಅವಳು ತಿಂದ ಮೊದಲ ಉಪ್ಪು ಅದೇ. "ದ್ರೋಹಿ!" ಎಂದು ಮೇಸ್ತ್ರಿ ಕಿರುಚಿದ. "ಯಾರ ಉಪ್ಪು ಉಂಡಿದ್ದೆನೋ ನಾನು?" ಎಂದಳು.

ಸರಿಯಾಗಿಯೇ ಮಾಡಿದಳು ಎಂಬುದು ನನ್ನ ಮಾತು. ಬೇಕಿದ್ದರೆ ಬಂದು ನೋಡಿ, ಹೊಸ ಗಾರೆಯನ್ನು ಸೀಳಿಕೊಂಡು ಅವಳ ಉಪ್ಪು ಈಗಲೂ ಹೊರಗೆ ಬರುತ್ತಲೇ ಇದೆ. ಬಂದವರೆಲ್ಲ ನೆಕ್ಕಿ ಮುಖ ಕಿವುಚಿ ನಗುತ್ತಾರೆ. ಮೊನ್ನೆ ನನ್ನ ಮಗಳೂ ನೆಕ್ಕಿದಳು, ನಗಲಿಲ್ಲ. ತುತ್ತು ಹಿಡಿದ ನನ್ನ ಕೈಯನ್ನು ತಡೆದು ಅವಳು ಕೇಳಿದ್ದು ಇಷ್ಟೇ: "ಅಮ್ಮಾ, ಹಾಲು ಬಿಟ್ಟ ಮೇಲೆ ಆ ಪಾಪುಗೂ ಸಪ್ಪೆನೇ ತಿನ್ನಿಸಿದಳಾ?"