ಸದ್ದಿಲ್ಲದ ಕೋವಿ

ಮಲ್ಲೋಜರ ಆಶ್ರಮಕ್ಕೆ ಹೋದವರಿಗೆ ಮೊದಲು ಕೇಳಿಸುತ್ತಿದ್ದುದು ಮಂತ್ರವಲ್ಲ, ಸುತ್ತಿಗೆಯ ಪೆಟ್ಟು.

ಹೊಳೆಯ ದಡದಲ್ಲಿ ಒಂದು ಕುಲುಮೆ, ಪಕ್ಕದಲ್ಲಿ ಹುಲ್ಲಿನ ಗುಡಿಸಲು. ಆಶ್ರಮ ಅಂದರೆ ಅಷ್ಟೇ. ಮಲ್ಲೋಜರು ಕೋವಿ ಮಾಡುವ ಗುರು. ಕಬ್ಬಿಣ ಕಾಯುವಾಗ ಕೈಗೆ ಪಾಠ ಹೇಳುತ್ತಿದ್ದರು, ಆರುವಾಗ ಮನಸ್ಸಿಗೆ. ಬೆಳೆಗೆ ನುಗ್ಗುವ ಹಂದಿಗೂ ಕೊಟ್ಟಿಗೆಗೆ ಬರುವ ಚಿರತೆಗೂ ಸುತ್ತಿನ ಹಳ್ಳಿಯವರು ಅವರ ಕೋವಿಯನ್ನೇ ನಂಬಿದ್ದರು.

ಅವರಿಗೆ ಒಬ್ಬನೇ ಶಿಷ್ಯ, ಕೆಂಚ. ಅವನ ಕೈ ಚುರುಕು, ತಲೆ ಅದಕ್ಕಿಂತ ಚುರುಕು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ.

ಒಂದು ದಿನ ಆ ಸೀಮೆಯ ಪಾಳೆಯಗಾರ ಕುದುರೆಯೇರಿ ಬಂದ. ಕುಲುಮೆಯ ಮುಂದೆ ಇಳಿದು ನೇರ ಮಾತಿಗೆ ಬಂದ.

"ಓಜರೇ, ನನಗೊಂದು ಕೋವಿ ಬೇಕು. ಹೊಡೆದರೆ ಸದ್ದಾಗಬಾರದು. ಬೆಂಕಿ ಕಾಣಬಾರದು. ಹೆಗಲಿಗೆ ಒದೆಯಬಾರದು."

"ಯಾತಕ್ಕೆ ದೊರೆ?"

"ಬೇಟೆಗೆ. ಒಂದು ಈಡು ಹೊಡೆದರೆ ಕಾಡಿಗೆ ಕಾಡೇ ಎದ್ದು ಓಡುತ್ತೆ. ಒಂದು ಜಿಂಕೆ ಬಿದ್ದರೆ ಉಳಿದವೆಲ್ಲ ತಪ್ಪಿಸಿಕೊಳ್ತವೆ."

ಮಲ್ಲೋಜರು ಇಕ್ಕಳ ಕೆಳಗಿಟ್ಟರು. "ಆ ಕೆಲಸ ನನ್ನಿಂದ ಆಗೋದಿಲ್ಲ."

ಪಾಳೆಯಗಾರ ಬಾಯಿ ತುಂಬ ನಕ್ಕ. "ಕೋವಿಯ ಗುರು, ಕೋವಿಯ ಗುರು ಅಂತ ಊರೆಲ್ಲ ಹೊಗಳುತ್ತೆ. ಇಷ್ಟೂ ಬರೋದಿಲ್ವಾ?"

ಗುರು ಕುಲುಮೆಗೆ ಗಾಳಿ ಊದುವ ತಿದಿ ಒತ್ತತೊಡಗಿದರು. ಕೆಂಚನಿಗೆ ಮೈಯೆಲ್ಲ ಉರಿಯಿತು. ಓಜರಿಗೆ ಬರದ ಕೆಲಸವೇ? ಮನೆಗೆ ಬಂದವನು ಮುಖಕ್ಕೆ ಹೊಡೆದ ಹಾಗೆ ನಗುತ್ತಾನೆ, ಇವರು ತಿದಿ ಒತ್ತುತ್ತಾರೆ!

ಅವನು ಪಾಳೆಯಗಾರನ ಹಿಂದೆಯೇ ಓಡಿದ. ಕುದುರೆಯ ಲಗಾಮಿನ ಹತ್ತಿರ ನಿಂತು ಹೇಳಿದ, "ಬುದ್ಧಿ, ನಾನು ಮಾಡಿಕೊಡ್ತೀನಿ."

ಪಾಳೆಯಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಗೋ, ಆಚೆ ದಡದಲ್ಲಿ ದೋಣಿ ಕಟ್ಟೋ ಕಲ್ಲು ಕಾಣುತ್ತಲ್ಲ, ಈ ದಡದಿಂದ ಗುಂಡು ಅಲ್ಲಿಗೆ ಮುಟ್ಟಬೇಕು."

"ಮುಟ್ಟುತ್ತೆ ಬುದ್ಧಿ."

"ಹಾಗಾದರೆ ಹುಣ್ಣಿಮೆ ಕಳೆದ ಮೇಲೆ ಬಂದು ತಗೊಂಡು ಹೋಗ್ತೀನಿ."

ಕೆಂಚನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದಾರಿ ಅವನಿಗೆ ಹೊಳೆದದ್ದು ಅನ್ನದ ಮಡಕೆಯಿಂದ. ಮುಚ್ಚಳ ಬಿಗಿಯಾಗಿ ಮುಚ್ಚಿದ್ದರೆ ಆವಿ ಒಂದೇ ಸಲ ಹೊರಗೆ ನುಗ್ಗಿ ಕಿರುಚುತ್ತದೆ. ಮುಚ್ಚಳ ಓರೆಯಾಗಿದ್ದರೆ ಅದೇ ಆವಿ ನಿಟ್ಟುಸಿರು ಬಿಟ್ಟುಕೊಂಡು ಹೋಗುತ್ತದೆ. ಸದ್ದು ಅಂದರೆ ಅವಸರ, ಕೆಂಚ ಅಂದುಕೊಂಡ. ಕೋವಿಮದ್ದಿನ ಉಸಿರಿಗೆ ಸ್ವಲ್ಪ ತಾಳ್ಮೆ ಕಲಿಸಿದರೆ ಆಯಿತು.

ಗುರು ಸ್ನಾನಕ್ಕೆ ಹೋದಾಗ, ಮಧ್ಯಾಹ್ನ ಒರಗಿದಾಗ ಅವನು ಕೆಲಸ ಮಾಡಿದ. ಕೋವಿಯ ನಳಿಗೆಯ ಬಾಯಿಗೆ ತೊಡಿಸುವ ಒಂದು ದಪ್ಪ ಕೊಳವೆ ಮಾಡಿದ. ಅದರೊಳಗೆ ಏನಿತ್ತು ಅನ್ನುವುದು ಅವನೊಬ್ಬನಿಗೇ ಗೊತ್ತು. ಕೋವಿಯ ಹಿಡಿಯನ್ನೂ ಬದಲಿಸಿದ.

ನೆಲದ ಮೇಲೆ ಬಿದ್ದ ಕಬ್ಬಿಣದ ಪುಡಿಯನ್ನು ಮಲ್ಲೋಜರು ತಾವೇ ಗುಡಿಸಿ ಹೊರಗೆ ಹಾಕುತ್ತಿದ್ದರು. ಎಲ್ಲಿಂದ ಬಂತು ಅಂತ ಕೇಳುತ್ತಿರಲಿಲ್ಲ. ತನ್ನ ಗುಟ್ಟು ಗುರುವಿಗೆ ಗೊತ್ತಿಲ್ಲ ಅಂತ ಕೆಂಚ ಒಳಗೊಳಗೇ ನಗುತ್ತಿದ್ದ. ಪಾಪ!

ಕೊಳವೆ ಮುಗಿದ ದಿನ ಬೆಳಿಗ್ಗೆ ಅವನು ಕೋವಿ ತುಂಬಿ ಹೊಳೆಯ ಕಡೆ ತಿರುಗಿ ನಿಂತ. ನೀರಿನ ಅಂಚಿನ ಮಣ್ಣಿನ ದಿಬ್ಬದ ಮೇಲೆ ಸುಣ್ಣದ ಗುರುತಿತ್ತು. ಕೋವಿಗಳನ್ನೆಲ್ಲ ಪರೀಕ್ಷೆ ಮಾಡುತ್ತಿದ್ದುದು ಅದಕ್ಕೇ ಹೊಡೆದು.

ಆ ಕುಲುಮೆಯಲ್ಲಿ ಒಂದು ಕಟ್ಟಳೆಯಿತ್ತು. ಗುಂಡು ಹಾರಿಸುವ ಮೊದಲು ಹೊಳೆಗೆ ಕೇಳುವಂತೆ "ಈಡು! ಈಡು!" ಎಂದು ಕೂಗಬೇಕು. ಬಟ್ಟೆ ಒಗೆಯುವವರು ಬಂಡೆಯ ಮರೆಗೆ ಹೋಗುತ್ತಿದ್ದರು. ದನ ಕಾಯುವವರು ದನ ತಿರುಗಿಸುತ್ತಿದ್ದರು. ಆಮೇಲೆ ಹೊಡೆಯಬೇಕು.

ಕೆಂಚ ಬಾಯಿ ತೆರೆದವನು ಮುಚ್ಚಿಕೊಂಡ. ಕೂಗುವುದು ಜನ ಬೆಚ್ಚದಿರಲಿ ಅಂತ ತಾನೇ? ಸದ್ದೇ ಮಾಡದ ಕೋವಿಗೆ ಕೂಗು ಯಾತಕ್ಕೆ? ಕೂಗಿದರೆ ಸ್ನಾನಕ್ಕೆ ಹೋದ ಗುರುವಿಗೂ ಕೇಳಿಸುತ್ತದೆ.

ಬೆರಳಿಂದ ಕೋವಿಯ ಕುದುರೆ ಎಳೆದ.

ದೀಪ ಊದಿ ಆರಿಸಿದಷ್ಟು ಸದ್ದಾಯಿತು. ಬೆಂಕಿ ಕಾಣಲಿಲ್ಲ. ಯಾರೋ ಹೆಗಲ ಮೇಲೆ ಕೈಯಿಟ್ಟು ತೆಗೆದ ಹಾಗಾಯಿತು, ಅಷ್ಟೇ. ನೀರಲ್ಲಿ ನಿಂತಿದ್ದ ಕೊಕ್ಕರೆ ಕತ್ತು ಕೂಡ ತಿರುಗಿಸಲಿಲ್ಲ.

ಕೆಂಚ ಕುಣಿದಾಡಿದ. ಗುಂಡು ಎಲ್ಲಿ ಹೋಯಿತು ಅಂತ ನೋಡುವುದನ್ನೂ ಮರೆತ.

ಆಗ ಹೊಳೆಯ ಕಡೆಯಿಂದ ಮಲ್ಲೋಜರು ಮೇಲೆ ಬಂದರು. ಒದ್ದೆ ಪಂಚೆಯನ್ನು ಎಡತೋಳಿಗೆ ಒತ್ತಿ ಹಿಡಿದಿದ್ದರು. ಪಂಚೆ ಕೆಂಪಾಗುತ್ತಿತ್ತು.

ಕೆಂಚ ಕೋವಿ ಹಿಡಿದೇ ಓಡಿದ. "ಓಜರೇ! ಯಾರು ಹೊಡೆದರು?"

"ನನಗೇನು ಗೊತ್ತು? ಸದ್ದು ಕೇಳಿಸಲಿಲ್ಲ, ಬೆಂಕಿ ಕಾಣಿಸಲಿಲ್ಲ. ಹೊಡೆದವನಿಗೇ ಗೊತ್ತಿಲ್ಲದ ಮೇಲೆ ನನಗೆ ಹೇಗೆ ಗೊತ್ತಾಗಬೇಕು?"

ಕೆಂಚ ಕೈಯಲ್ಲಿದ್ದ ಕೋವಿಯನ್ನು ನೋಡಿದ. ದಿಬ್ಬದ ಸುಣ್ಣದ ಗುರುತು ನೋಡಿದ. ಅದಕ್ಕೆ ಗುಂಡು ತಾಗಿರಲಿಲ್ಲ.

ಅವನು ಕುಸಿದು ಕೂತು ಗೊಳೋ ಎಂದು ಅತ್ತ.

"ಆಮೇಲೆ ಅಳು," ಅಂದರು ಗುರು. "ಮೊದಲು ಬಟ್ಟೆ ಕಟ್ಟು. ಗುಂಡು ಮಾಂಸ ಸವರಿಕೊಂಡು ಹೋಗಿದೆ, ಮೂಳೆಗೆ ತಾಗಿಲ್ಲ."

ಕೆಂಚ ಗಾಯ ತೊಳೆದು ಅರಿಸಿನ ಮೆತ್ತಿ ಕಟ್ಟಿದ. 

"ನಾನು ಮಾಡ್ತಿದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬೇಡ ಅನ್ನಲಿಲ್ಲ ಯಾಕೆ?"

"ಕೇಳಿದ್ದರೆ ಹೇಳ್ತಿದ್ದೆ. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾದೆ. ಕಾದದ್ದು ನನ್ನ ತಪ್ಪು. ಅದಕ್ಕೇ ಏಟು ನನಗೇ ಬಿತ್ತು."

ಆದರೂ ಕೆಂಚನೊಳಗೆ ಇನ್ನೂ ಒಂದಿಷ್ಟು ಮೊಂಡುತನ ಉಳಿದಿತ್ತು.

"ದೊರೆ ಕೇಳಿದ್ದು ಬೇಟೆಗೆ ಅಲ್ವಾ ಓಜರೇ? ನಾನು ಕೂಗದೆ ಹೊಡೆದದ್ದು ತಪ್ಪು. ಕೋವಿಯದ್ದೇನು ತಪ್ಪು?"

"ಬೇಟೆಯಲ್ಲಿ ಸದ್ದು ಬೇಡ, ಒಪ್ಪಿದೆ. ಬೆಂಕಿ ಯಾರಿಗೆ ಕಾಣಬಾರದು? ಯಾರು ಹೊಡೆದರು ಅಂತ ಜಿಂಕೆ ಹೋಗಿ ಯಾರ ಹತ್ತಿರ ದೂರು ಹೇಳುತ್ತೆ?"

ಕೆಂಚ ಕೋವಿಯ ಬಾಯಿಯ ಕೊಳವೆಯನ್ನು ತಿರುಗಿಸಿ ನೋಡಿದ.

"ದೊರೆ ಗುಂಡು ಎಲ್ಲಿಗೆ ಮುಟ್ಟಬೇಕು ಅಂದರು?"

"ಆಚೆ ದಡದ ದೋಣಿ ಕಟ್ಟೋ ಕಲ್ಲಿಗೆ."

ಹೇಳಿದ ಮೇಲೆ ಅವನು ಆಚೆ ದಡದ ಕಡೆ ತಿರುಗಿ ನೋಡಿದ. ಆ ಕಲ್ಲಿನ ಹತ್ತಿರ ಯಾವ ಜಿಂಕೆಯೂ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಲ್ಲಿ ಕೂರುತ್ತಿದ್ದವನು ಅಂಬಿಗರ ಹಿರಿಯ ಕರಿಗಂಗಯ್ಯ. ಆಚೆ ದಡದ ಹಳ್ಳಿಗಳನ್ನು ಸುಲಿಯಲು ಪಾಳೆಯಗಾರ ದೋಣಿ ಕೇಳಿದಾಗ, "ಸುಲಿಗೆಗೆ ನಮ್ಮ ದೋಣಿ ಇಲ್ಲ" ಅಂದವನು ಅವನೇ. ಅವನನ್ನು ಎದುರಿಗೆ ನಿಂತು ಮುಟ್ಟಿದರೆ ಅಂಬಿಗರೆಲ್ಲ ತಿರುಗಿಬೀಳುತ್ತಾರೆ. ಯಾರು ಹೊಡೆದರು ಅಂತಲೇ ಗೊತ್ತಾಗದಿದ್ದರೆ?

ಕೆಂಚ ಎದ್ದು ಕೊಳವೆಯನ್ನು ಕಿತ್ತ. "ಹೊಳೆಗೆ ಎಸೆದು ಬರ್ತೀನಿ."

"ದೊರೆ ಬಂದು ಕೇಳಿದರೆ?"

"ಆಗಲಿಲ್ಲ ಅಂತೀನಿ."

"ಸದ್ದಿಲ್ಲದೆ ಮಾಡಿದೆ. ಸದ್ದಿಲ್ಲದೆ ಮುಳುಗಿಸ್ತೀಯಾ? ಅವರು ಇನ್ನೊಂದು ಕುಲುಮೆಗೆ ಹೋಗ್ತಾರೆ. ಕರಿಗಂಗಯ್ಯ ಕಲ್ಲಿನ ಮೇಲೆ ಕೂತೇ ಇರ್ತಾನೆ."

"ಮತ್ತೆ ಏನು ಮಾಡಲಿ?"

"ಕೋವಿ ಮಾಡಿದವನು ನೀನು. ನನ್ನನ್ನೇನು ಕೇಳ್ತೀ?" ಮಲ್ಲೋಜರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಹುಣ್ಣಿಮೆ ಕಳೆಯಿತು. ಬೆಳಿಗ್ಗೆ ಪಾಳೆಯಗಾರ ಬಂದ. ಜೊತೆಗೆ ಇಬ್ಬರೇ ಕಾವಲುಗಾರರು. ಇಂಥ ಕೆಲಸಕ್ಕೆ ಯಾರು ತಾನೇ ದಂಡು ಕಟ್ಟಿಕೊಂಡು ಬರುತ್ತಾರೆ?

"ಎಲ್ಲಿ ಕೋವಿ?"

"ಇಲ್ಲಿದೆ ಬುದ್ಧಿ. ಆದರೆ ಹೊಸ ಕೋವಿಯ ಮೊದಲ ಈಡನ್ನ ಕೊಳ್ಳುವವರ ಮುಂದೆ ಮಾಡಿದವನೇ ಹೊಡೀಬೇಕು. ಇಲ್ಲಿನ ವಾಡಿಕೆ."

"ಹೊಡಿ ಹೊಡಿ. ಸದ್ದಿಲ್ಲದ ಈಡು ಹೇಗಿರುತ್ತೆ, ನಾನೂ ನೋಡಬೇಕು."

ಕೆಂಚ ಕೊಳವೆಯನ್ನು ಕೋವಿಯಿಂದ ಬಿಡಿಸಿದ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟ. ದೊಡ್ಡ ಸುತ್ತಿಗೆ ಎತ್ತಿ ಬೀಸಿದ. ಕೊಳವೆ ಅಪ್ಪಚ್ಚಿಯಾಯಿತು.

ಪಾಳೆಯಗಾರನಿಗೆ ಏನಾಗುತ್ತಿದೆ ಅಂತ ತಿಳಿಯುವಷ್ಟರಲ್ಲಿ ಕೆಂಚ ಅಂಗಳಕ್ಕೆ ಹಾರಿದ. ಗಂಟಲು ಹರಿಯುವಂತೆ ಕೂಗಿದ, "ಈಡು! ಈಡು!" ಆಕಾಶದ ಕಡೆ ಕೋವಿ ಎತ್ತಿ ಹೊಡೆದ.

ಅಬ್ಬಾ, ಅದು ಸದ್ದು! ಎರಡೂ ದಡ ನಡುಗಿದವು. ಮರದ ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಪಾಳೆಯಗಾರನ ಕುದುರೆ ಹಗ್ಗ ಕಿತ್ತುಕೊಂಡು ಓಡಿತು. ಕೋವಿ ಒದ್ದ ಒದೆತಕ್ಕೆ ಕೆಂಚ ಹಿಂದಕ್ಕೆ ಬಿದ್ದು, ಹೊಗೆಯೊಳಗಿಂದ ಕೆಮ್ಮುತ್ತ ಎದ್ದ. ಅವನಿಗೆ ಬಹಳ ದಿನಗಳ ಮೇಲೆ ಖುಷಿಯಾಗಿತ್ತು.

ಜನ ಬಂದರು. ಹೊಸ ಕೋವಿಯ ಮೊದಲ ಈಡಿಗೆ ಈ ಕುಲುಮೆಯಲ್ಲಿ ಪುರಿ ಬೆಲ್ಲ ಹಂಚುತ್ತಿದ್ದರು, ಅದು ಸೀಮೆಗೆಲ್ಲ ಗೊತ್ತು. ಒಗೆಯುವವರು ಒದ್ದೆ ಬಟ್ಟೆ ಬಿಟ್ಟು ಬಂದರು. ದನ ಕಾಯುವವರು ಬಂದರು. ದೋಣಿಗಳು ಆಚೆ ದಡ ಬಿಟ್ಟವು. ಮಕ್ಕಳು ಅಂಗೈ ಚಾಚಿಕೊಂಡೇ ಬಂದರು. ಮಲ್ಲೋಜರು ಬಲಗೈಯಿಂದ ಪುರಿಯ ಮೊರ ಹೊರಗೆ ತಂದಿಟ್ಟರು. ಬೆಳಿಗ್ಗೆಯೇ ಬೆಲ್ಲ ಕುಟ್ಟಿ ಬೆರೆಸಿದ್ದರು ಅಂತ ಕೆಂಚನಿಗೆ ಆಗಲೇ ಗೊತ್ತಾದದ್ದು.

"ಏನೋ ಇದು?" ಪಾಳೆಯಗಾರ ಹಲ್ಲು ಕಡಿದ. "ಬಾಯಿ ಮುಚ್ಚಿಕೊಂಡು ಒಳಗೆ ನಡಿ."

ಕೆಂಚ ಒಳಗೆ ಹೋಗಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ.

"ದೊರೆ ಸದ್ದಿಲ್ಲದ ಕೋವಿ ಕೇಳಿದರು. ಗುಂಡು ಈ ದಡದಿಂದ ದೋಣಿ ಕಟ್ಟೋ ಕಲ್ಲಿಗೆ ಮುಟ್ಟಬೇಕು ಅಂದರು. ಹೊಗಳಿಕೆ ಆಸೆಗೆ ನಾನು ಮಾಡಿದೆ. ಓಜರ ತೋಳಿಗೆ ಹೊಡೆದವನೂ ನಾನೇ. ಈಗ ಅದನ್ನ ಒಡೆದು ಹಾಕಿದ್ದೀನಿ. ಇನ್ನು ಮಾಡೋದಿಲ್ಲ."

ಗುಂಪಿನ ಕಣ್ಣೆಲ್ಲ ಕರಿಗಂಗಯ್ಯನ ಮೇಲೆ ಹೋಯಿತು. ದೋಣಿ ಇಳಿದು ಬಂದವನು, ಅದನ್ನು ನೂಕುವ ಗಳುವಿಗೆ ಒರಗಿ ನಿಂತಿದ್ದ.

"ಓಹೋ," ಅಂದ ಅವನು. "ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂತು ಹಲ್ಲುಜ್ಜೋನು ನಾನೊಬ್ಬನೇ."

ಯಾರೂ ನಗಲಿಲ್ಲ. ಅಂಬಿಗರು ಒಬ್ಬೊಬ್ಬರಾಗಿ ಗಳು ಹಿಡಿದು ಮುಂದೆ ಬಂದರು. ಕಾವಲುಗಾರರು ಮುಖ ಮುಖ ನೋಡಿಕೊಂಡರು.

ಪಾಳೆಯಗಾರನ ಮುಖ ಕಪ್ಪಿಟ್ಟಿತು. "ಕೊಬ್ಬಾ ನಿಮಗೆ? ಗುರು ಶಿಷ್ಯ ಇಬ್ಬರನ್ನೂ ಇಲ್ಲೇ ಹೊಡೆದು ಉರುಳಿಸ್ತೀನಿ. ಕೇಳೋರು ಯಾರು?"

ಮಲ್ಲೋಜರು ಪುರಿ ಹಂಚುವುದನ್ನು ನಿಲ್ಲಿಸಿದರು.

"ಕೆಂಚಾ, ಕೋವಿ ತುಂಬಿ ದೊರೆ ಕೈಗೆ ಕೊಡು."

ಕೆಂಚ ಗುರುವಿನ ಮುಖ ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ. ಅವನು ಮದ್ದು ಸುರಿದ. ಗುಂಡು ಹಾಕಿದ. ಕೋಲಿನಿಂದ ಗಿಡಿದ. ಆ ಕೋಲಿನ ಟಕಟಕ ಇಡೀ ಅಂಗಳಕ್ಕೆ ಕೇಳಿಸಿತು. ಎರಡೂ ಕೈಯಲ್ಲಿ ಹಿಡಿದು ಪಾಳೆಯಗಾರನಿಗೆ ಒಪ್ಪಿಸಿದ.

ಆಮೇಲೆ ಬಂದು ಗುರುವಿನ ಮುಂದೆ ಅಡ್ಡ ನಿಂತ.

ಮಲ್ಲೋಜರು ಅವನ ರಟ್ಟೆ ಹಿಡಿದು ಎಳೆದರು. "ಪಕ್ಕದಲ್ಲಿ ನಿಲ್ಲು. ನೀನು ಅಡ್ಡ ನಿಂತರೆ ನನ್ನ ಮುಖ ದೊರೆಗೆ ಕಾಣೋದಿಲ್ಲ."

ಇಬ್ಬರೂ ಪಕ್ಕಪಕ್ಕದಲ್ಲಿ ನಿಂತರು.

ಪಾಳೆಯಗಾರ ಕೋವಿಯನ್ನು ಹೆಗಲಿಗೆ ಏರಿಸಿದ. ನಳಿಗೆ ಒಮ್ಮೆ ಗುರುವಿನ ಕಡೆ, ಒಮ್ಮೆ ಶಿಷ್ಯನ ಕಡೆ ಹೊರಳಿತು. ಅವನ ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಅಂಗಳ ತುಂಬ ಜನ, ಒಬ್ಬರೂ ಕದಲಲಿಲ್ಲ. ಹೊಳೆಯಲ್ಲಿ ಇನ್ನೂ ದೋಣಿಗಳು ಬರುತ್ತಲೇ ಇದ್ದವು.

ಅವನ ಬೆರಳು ಕೋವಿಯ ಕುದುರೆಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಹೊಡೀರಿ ದೊರೆ," ಅಂದರು ಮಲ್ಲೋಜರು. "ಕೇಳೋರು ಯಾರು ಅಂದಿರಲ್ಲ, ಎಲ್ಲರೂ ಬಂದಿದ್ದಾರೆ."